ಹರಳಿಗೆ ಕನ್ನಡಿ ಹಿಡಿಯುವ ಅಲೀಪುರ ಟೈರಿಗೆ ಏಕೆ ಹಿಡಿಯುವುದಿಲ್ಲ?

ಅಲೀಪುರ: ಒಂದು ಕ್ಯಾರೆಟ್ ಅಂದರೆ 200 ಮಿಲಿಗ್ರಾಂ. ಗ್ರಾಮಿನಲ್ಲಿ ಐದನೇ ಒಂದು ಪಾಲು. ಅಷ್ಟು ಪುಟ್ಟ ಹರಳನ್ನು ಕೊಳ್ಳುವ ಮುಂಚೆ ಈ ಊರಿನ ವ್ಯಾಪಾರಿ ಕಿಟಕಿ ಬೆಳಕಿಗೆ ಹೋಗುತ್ತಾನೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಳ್ಳುತ್ತಾನೆ. ಹತ್ತು ಸಲ ತಿರುಗಿಸಿ ನೋಡುತ್ತಾನೆ. ಒಳಗೆ ಕೂದಲೆಳೆಯಷ್ಟು ಬಿರುಕು ಕಂಡಿತೋ, ಪೊಟ್ಟಣ ಮಡಿಚಿ ವಾಪಸ್ಸು!

ಅದೇ ವ್ಯಾಪಾರಿ ಎರಡು ಲಕ್ಷ ಮೀರಿದ ಬೈಕಿಗೆ ಟೈರು ಕೊಂಡಾಗ ಏನು ನೋಡಿದರು? ರೇಟು ನೋಡಿದರು. ಕಪ್ಪಗೆ ಹೊಳೀತಿದೆಯಾ ಅಂತ ನೋಡಿದರು. ಹಾಕಿಸಿಕೊಂಡು ಬಂದರು. ಅಷ್ಟೇ.

ಈ ಮಾತು ನಾನು ಕಟ್ಟಿ ಹೇಳುತ್ತಿಲ್ಲ. ಆ ಟೈರಿನ ಮೇಲೆ ಕೂತು ಬಂದವನು ನಾನೇ.

ಮೊನ್ನೆ ಮಳೆ ಬಿದ್ದ ದಿನ ಗೌರಿಬಿದನೂರಲ್ಲಿ ಬಸ್ಸು ತಪ್ಪಿತು. ಬಸ್ಸು ತಪ್ಪಿಸಿಕೊಂಡವನ ಪಾಡು ಈ ಅಂಕಣದ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸ್ಟ್ಯಾಂಡಿನ ಮುಂದೆ ನಿಂತಿದ್ದಾಗ ಪರಿಚಯದ ಹರಳು ವ್ಯಾಪಾರಿಯೊಬ್ಬರು ಗಾಡಿ ನಿಲ್ಲಿಸಿ, "ಬನ್ನಿ ಸಾರ್, ಊರಿಗೆ ತಾನೆ?" ಅಂದರು. ಗಾಡಿ ಅಂದರೆ ಸಾಮಾನ್ಯದ್ದಲ್ಲ. ರಾಯಲ್ ಎನ್‌ಫೀಲ್ಡ್ ಮೀಟಿಯರ್ 350. ಕ್ರೂಸರ್ ಅಂತಾರಲ್ಲ, ಆ ಜಾತಿ. ಸೀಟು ತಗ್ಗು, ಹ್ಯಾಂಡಲ್ಲು ಎತ್ತರ, ಕಾಲು ಮುಂದೆ ಚಾಚಿ ಕೂತರೆ ಮನೆಯ ಆರಾಮ ಕುರ್ಚಿ! ಬರೀ ಗಾಡಿಯ ತೂಕವೇ 191 ಕಿಲೋ.

ತೊಂಡೇಭಾವಿ ಕಡೆ ಸಿಮೆಂಟು ಲಾರಿ, ಜಲ್ಲಿ ಲಾರಿಗಳ ಓಡಾಟ ಎಷ್ಟು ಅಂತ ಗೊತ್ತಲ್ಲ. ಒಣಗಿದ್ದಾಗ ಧೂಳು, ನೆನೆದರೆ ಅದೇ ಧೂಳು ಪಾಯಸ. ಒಂದು ತಿರುವಿನಲ್ಲಿ ಎದುರಿಗೆ ಟಿಪ್ಪರ್ ಬಂತು. ಯಜಮಾನರು ಹಗುರವಾಗಿ ಬ್ರೇಕು ಮುಟ್ಟಿದರು. ಹಿಂದಿನ ಚಕ್ರ ಗೇಣಗಲ ಪಕ್ಕಕ್ಕೆ ಜಾರಿತು! ನನ್ನ ಕೈ ತಾನಾಗಿ ಅವರ ಸೊಂಟ ಹಿಡಿದಿತ್ತು. ಅವರು ಹೇಗೋ ಗಾಡಿ ಸರಿಮಾಡಿಕೊಂಡರು. ನೂರು ಗಜ ಮುಂದೆ ಹೋಗಿ ಮರದ ಕೆಳಗೆ ನಿಲ್ಲಿಸಿದೆವು. ಇಬ್ಬರಿಗೂ ಸ್ವಲ್ಪ ಹೊತ್ತು ಮಾತಿಲ್ಲ.

"ಹೊಸ ಟೈರು ಸಾರ್. ಹೋದ ವರ್ಷ ತಾನೆ ಹಾಕಿಸಿದ್ದು" ಅಂದರು ಕೊನೆಗೆ. ಆಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು: "ದಿನಾ ಬೆಳಗ್ಗೆ ಮಗಳನ್ನ ಇದರ ಮೇಲೇ ಕಾಲೇಜಿಗೆ ಬಿಡೋದು."

ಸುದ್ದಿ ಇರುವುದು ಇಲ್ಲಿ.

ನಾಲ್ಕಂಕಿಯ ಜಾತಕ

ಊರಿಗೆ ಬಂದವರೇ ನೆಟ್ಟಗೆ ಪಂಚರ್ ಅಂಗಡಿಗೆ ಹೋದೆವು. ಅಂಗಡಿಯ ಹಿರಿಯರು ಮಾತಾಡಲಿಲ್ಲ. ಹಿಂದಿನ ಟೈರಿಗೆ ಹೆಬ್ಬೆರಳ ಉಗುರು ಒತ್ತಿದರು. ಗುರುತೇ ಬೀಳಲಿಲ್ಲ. ಬಟನ್ ಬೇಕಾದಷ್ಟಿದೆ, ಬೋಳಾಗಿಲ್ಲ. ಆದರೆ ಬಟನ್ನಿನ ಸಂದಿಯಲ್ಲಿ, ಪಕ್ಕದ ಗೋಡೆಯಲ್ಲಿ ಸಣ್ಣ ಸಣ್ಣ ಸೀಳು, ಬೇಸಿಗೆಯ ಕೆರೆಯಂಗಳದ ಹಾಗೆ.

"ಭಾಯ್, ಇದು ರಬ್ಬರ್ ಅಲ್ಲ, ಕಲ್ಲು" ಅಂದರು.

ಹರಳಿನವರ ಮುಂದೆ ಕಲ್ಲಿನ ಮಾತು! ಬಟ್ಟೆಯಲ್ಲಿ ಕೆಸರು ಒರೆಸಿ ಟೈರಿನ ಮಗ್ಗುಲಲ್ಲಿದ್ದ ಒಂದು ಪುಟ್ಟ ಚೌಕಟ್ಟಿಗೆ ಬೆರಳಿಟ್ಟರು. ಒಳಗೆ ನಾಲ್ಕಂಕಿ: 3219. ಮೊದಲೆರಡು ವಾರ, ಕೊನೆಯೆರಡು ವರ್ಷ. ಅಂದರೆ 2019ರ 32ನೇ ವಾರ, ಆಗಸ್ಟ್ ತಿಂಗಳು. ಮೀಟಿಯರ್ ಗಾಡಿ ಮಾರುಕಟ್ಟೆಗೆ ಬಂದದ್ದೇ 2020ರ ನವೆಂಬರಿನಲ್ಲಿ. ಗಾಡಿಗಿಂತ ಟೈರೇ ಹಿರಿಯಣ್ಣ!

ಬೆಂಗಳೂರಿನ ಯಾವುದೋ ಅಂಗಡಿಯಲ್ಲಿ ಆಷಾಢದ ಡಿಸ್ಕೌಂಟು ಅಂತ ಕೊಂಡದ್ದಂತೆ. ಬಿಲ್ಲು ಬೇಡ ಅಂದರೆ ಇನ್ನೂ ಇನ್ನೂರು ಕಡಿಮೆ ಅಂದರಂತೆ, ಇವರು ಬೇಡ ಅಂದರಂತೆ. ಅಂಗಡಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಬಿಲ್ಲೇ ಇಲ್ಲದ ಮೇಲೆ ಯಾರನ್ನು ಕೇಳೋದು? ಬಿಲ್ಲು ಬೇಡ ಅಂದವರು ಉಳಿಸಿದ್ದು ಇನ್ನೂರು, ಕಳಕೊಂಡದ್ದು ಕೇಳುವ ಹಕ್ಕು. ಈ ಅಂಕಣ ಓದುವ ಅಂಗಡಿಯವರು ಮುನಿಸಿಕೊಳ್ಳಬಾರದು. ಗಿರಾಕಿಯೇ ಬಿಲ್ಲು ಬೇಡ ಅಂತಾನೆ ಅನ್ನುವುದೂ ನಿಜವೇ.

ರಬ್ಬರು ಕೂತಲ್ಲೇ ಮುದಿಯಾಗುತ್ತದೆ. ಓಡಿದರೂ ಸರಿ, ಅಂಗಡಿಯ ಮೊಳೆಯಲ್ಲಿ ತೂಗಿದರೂ ಸರಿ. ಬಿಸಿಲು ಅದಕ್ಕೆ ಆಗದು, ಗಾಳಿಯ ಓಝೋನು ಆಗದು. ಕಿಡಿ ಹಾರಿಸುವ ಮೋಟಾರಿನ ಪಕ್ಕದಲ್ಲಿಟ್ಟರೂ ಆಗದು, ಆ ಕಿಡಿಯಿಂದಲೂ ಓಝೋನು ಹುಟ್ಟುತ್ತದೆ. ಮನೆಯಲ್ಲಿ ಹರಳು ಉಜ್ಜುವ ಮೋಟಾರಿಟ್ಟುಕೊಂಡವರು ಗಾಡಿ ಎಲ್ಲಿ ನಿಲ್ಲಿಸುತ್ತೀರಿ, ಒಂದು ಸಲ ನೋಡಿಕೊಳ್ಳಿ. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಬೇಕು, ಹತ್ತು ತುಂಬಿದರೆ ಬಟನ್ ಎಷ್ಟೇ ಇರಲಿ ತೆಗೆದು ಹಾಕಬೇಕು ಅನ್ನುವುದು ಟೈರು ಕಂಪನಿಗಳವರೇ ಹೇಳುವ ಮಾತು. ಅದು ಜೋಪಾನವಾಗಿಟ್ಟ ಟೈರಿನ ಮಾತಾಯಿತು. ಬಿಸಿಲಿಗೆ ತೂಗುಹಾಕಿದ್ದರ ಕತೆ ಬೇರೆ. ನಮ್ಮಲ್ಲಿ ಬ್ರೆಡ್ಡಿನ ಪೊಟ್ಟಣದ ತಾರೀಖು ನೋಡುತ್ತೇವೆ, ಗುಳಿಗೆಯ ತಾರೀಖು ನೋಡುತ್ತೇವೆ. ಟೈರಿಗೂ ತಾರೀಖಿದೆ ಅಂತ ಹೇಳುವವರಾದರೂ ಯಾರಿದ್ದರು?

ಆಗ ಒಂದೇ ಅಳತೆ, ಈಗ ಎರಡು

ಹಳಬರಿಗೆ ಈ ತಾಪತ್ರಯ ಇಷ್ಟಿರಲಿಲ್ಲ. ಗೌರಿಬಿದನೂರು ಇನ್ನೂ ಕೋಲಾರ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, ಅಂದರೆ 2007ಕ್ಕೆ ಮುಂಚೆ, ದೊಡ್ಡ ಗಾಡಿ ಅಂದರೆ ಎರಡೇ: ಮದರಾಸಿನ ಬುಲೆಟ್ಟು, ಮೈಸೂರಿನ ಜಾವಾ-ಯೆಜ್ಡಿ. ಬುಲೆಟ್ಟಿಗೆ ಹಿಂದೆಯೂ 3.25-19, ಮುಂದೆಯೂ 3.25-19. ಹಳೇ ಜಾವಾಕ್ಕೆ ಎರಡು ಕಡೆಯೂ 3.25-16. ಅಂಗಡಿಯಲ್ಲಿ ಒಂದು ಅಳತೆ ಇಟ್ಟುಕೊಂಡರೆ ವ್ಯಾಪಾರ ನಡೆಯುತ್ತಿತ್ತು. 1961ರಲ್ಲಿ ಶುರುವಾದ ಮೈಸೂರಿನ ಐಡಿಯಲ್ ಜಾವಾ 1996ರಲ್ಲಿ ಬಾಗಿಲು ಹಾಕಿತು. ಅದೇ ಮೈಸೂರಿನಲ್ಲಿ ಬೈಕು ಸ್ಕೂಟರಿನ ಟೈರುಗಳನ್ನೇ ಮಾಡುತ್ತಿದ್ದ ಫಾಲ್ಕನ್ ಕಾರ್ಖಾನೆಯೂ 2010ರ ದಶಕದಲ್ಲಿ ನಿಂತುಹೋಯಿತು. ಅದು ಬೇರೆಯೇ ಒಂದು ಸಂಕಟದ ಕತೆ, ಇವತ್ತಿಗೆ ಬೇಡ.

ಈಗಿನ ಕ್ರೂಸರುಗಳಿಗೆ ಮುಂದೆ ಒಂದಳತೆ, ಹಿಂದೆ ಇನ್ನೊಂದು. ಮೀಟಿಯರ್ 350ಕ್ಕೆ ಮುಂದೆ 100/90-19, ಹಿಂದೆ 140/70-17. ಅದರ ದೊಡ್ಡಣ್ಣ ಸೂಪರ್ ಮೀಟಿಯರ್ 650ಕ್ಕೆ ಹಿಂದೆ 150/80-16. ಬಜಾಜ್ ಅವೆಂಜರ್ 220ಕ್ಕೆ ಹಿಂದೆ 130/90-15. ಈ ಹದಿನೈದು ಇಂಚಿನದನ್ನು ಸಣ್ಣ ಊರಿನಲ್ಲಿ ಕೇಳಿ ನೋಡಿ, ಅಂಗಡಿಯವರು ಮುಖ ನೋಡುತ್ತಾರೆ. ತಿಂಗಳಿಗೆ ಒಂದು ಹೋಗದ ಟೈರಿಗೆ ಬಂಡವಾಳ ಹೂಡು ಅಂದರೆ ಅವರಾದರೂ ಎಲ್ಲಿಗೆ ಹೋಗಬೇಕು?

ಈ ಅಂಕಿ ಓದುವುದು ಬ್ರಹ್ಮವಿದ್ಯೆಯಲ್ಲ. ಪಿಯುಸಿ ಅರ್ಧಕ್ಕೆ ಬಿಟ್ಟ ನನಗೇ ಐದು ನಿಮಿಷದಲ್ಲಿ ತಲೆಗೆ ಹೋಯಿತು. 140/70-17 ಅಂದರೆ ಅಗಲ 140 ಮಿಲಿಮೀಟರ್, ಮಗ್ಗುಲ ಎತ್ತರ ಆ ಅಗಲದ ನೂರಕ್ಕೆ 70 ಪಾಲು ಅಂದರೆ 98 ಮಿಲಿಮೀಟರ್, ಕೂರುವ ರಿಮ್ಮು 17 ಇಂಚು. ಅದರ ಪಕ್ಕದಲ್ಲೇ 66ಪಿ ಅಂತ ಇನ್ನೊಂದು ಗುರುತು. ಜನ ಓದದೆ ಬಿಡುವುದು ಇದನ್ನೇ, ಓದಬೇಕಾದ್ದೂ ಇದನ್ನೇ. 66 ಅಂದರೆ ಆ ಟೈರು ಹೊರಬಲ್ಲ ಭಾರ 300 ಕಿಲೋ. ಪಿ ಅಂದರೆ ಗಂಟೆಗೆ 150 ಕಿಲೋಮೀಟರ್ ವೇಗದ ಮಿತಿ. ನಮ್ಮ ರಸ್ತೆಯ ಹಂಪುಗಳ ಮೇಲೆ ಆ ವೇಗ ಯಾರಿಗೂ ಬೇಡ. ಭಾರದ ಅಂಕಿ ಮಾತ್ರ ಎಲ್ಲರಿಗೂ ಬೇಕು.

ಮೂವರ ಮೂರು ಸಲಹೆ

ಹೊಸ ಟೈರು ಬೇಕೇ ಬೇಕು ಅಂತ ತೀರ್ಮಾನವಾಯಿತು. ಅಲೀಪುರದಲ್ಲಿ ಆ ಅಳತೆ ಇಲ್ಲ. ಗೌರಿಬಿದನೂರಿಗೆ ಫೋನು ಹೋಯಿತು. ಅಲ್ಲೂ ಅವತ್ತು ಇರಲಿಲ್ಲ. "130/70-17 ಇದೆ, ಈಗಲೇ ಬನ್ನಿ, ಹಾಕಿ ಕಳಿಸ್ತೀನಿ. ರಿಮ್ಮು ಹದಿನೇಳೇ ತಾನೆ, ಕೂರುತ್ತೆ" ಅಂತ ಆ ಕಡೆಯಿಂದ ಉತ್ತರ.

ಕೂರುತ್ತೆ ನಿಜ. ಪಲ್ಸರ್ ಎನ್‌ಎಸ್ 200ಕ್ಕೆ ಹಿಂದೆ ಹಾಕುವ ಅಳತೆ ಅದು, ಹುಡುಗರ ಗಾಡಿ ಜಾಸ್ತಿ ಆದ್ದರಿಂದ ಎಲ್ಲ ಕಡೆ ಸಿಗುತ್ತದೆ. ರೇಟೂ ಕಡಿಮೆ. ಯಜಮಾನರು ಆಗಲೇ ಕೀ ಕೈಗೆ ತೆಗೆದುಕೊಂಡಿದ್ದರು. ಮಾರನೇ ಬೆಳಗ್ಗೆ ಮಗಳ ಕಾಲೇಜು, ನೋಡಿ.

ಪಂಚರ್ ಅಂಗಡಿಯ ಹಿರಿಯರು ಅಡ್ಡ ಬಂದರು. ಆ ಅಳತೆಯ ಟೈರಿನಲ್ಲಿ ಸಾಮಾನ್ಯವಾಗಿ ಇರುವ ಭಾರದ ಅಂಕಿ 62, ಅಂದರೆ 265 ಕಿಲೋ. ಇದ್ದ ಟೈರಿಗಿಂತ 35 ಕಿಲೋ ಕಡಿಮೆ. ಕಿರಾಣಿಯವರ ಭಾಷೆಯಲ್ಲಿ 25 ಕಿಲೋದ ಒಂದು ಅಕ್ಕಿ ಚೀಲ, ಮೇಲೆ ಹತ್ತು ಕಿಲೋ ಬೆಲ್ಲ.

ನಾನು ಅಲ್ಲೇ ಕಾಗದದ ಮೇಲೆ ಲೆಕ್ಕ ಹಾಕಿದೆ. ಗಾಡಿ 191. ಯಜಮಾನರು 80 ಅಂತಿಟ್ಟುಕೊಳ್ಳಿ. ಮಗಳು 50, ಅವಳ ಬ್ಯಾಗು 8. ಒಟ್ಟು 329. ಇಬ್ಬರು ಕೂತಾಗ ಅರ್ಧಕ್ಕಿಂತ ಹೆಚ್ಚು ಭಾರ ಹಿಂದಿನ ಚಕ್ರದ ಮೇಲೆ. ನೂರಕ್ಕೆ ಅರವತ್ತು ಅಂದರೂ ಇನ್ನೂರರ ಒಳಗೇ ಇರುತ್ತದೆ. ಹಾಗಾದರೆ 265 ಸಾಕಲ್ಲವಾ?

ಕಾಗದದ ಮೇಲೆ ಸಾಕು. ಒಪ್ಪಿದೆ. ಆದರೆ ಆ 265 ಅನ್ನುವುದು ಗಾಳಿ ಸರಿಯಾಗಿದ್ದಾಗಿನ ಮಾತು. ನಾವು ಗಾಳಿ ಹೊಡೆಸುವುದು ಯಾವಾಗ? ಟೈರು ಹೊಟ್ಟೆ ಬಿಟ್ಟು ಕೂತಾಗ! ಹಂಪಿನ ಮೇಲೆ ಎಗರಿ ಬಿದ್ದ ಗಳಿಗೆಯಲ್ಲಿ ಚಕ್ರದ ಮೇಲೆ ಬೀಳುವ ಪೆಟ್ಟು ತಕ್ಕಡಿಯ ಲೆಕ್ಕಕ್ಕೆ ಸಿಗುವುದಿಲ್ಲ. ಅಲ್ಲದೆ ಅಗಲದ ರಿಮ್ಮಿಗೆ ಕಿರಿದಾದ ಟೈರು ಎಳೆದು ಕೂರಿಸಿದರೆ ಮೇಲಿನ ದುಂಡು ಚಪ್ಪಟೆಯಾಗುತ್ತದೆ, ಬಾಗಿದಾಗ ಹಿಡಿತ ಬೇರೆಯಾಗುತ್ತದೆ. ಚಕ್ರದ ವ್ಯಾಸವೂ 628 ಮಿಲಿಮೀಟರಿನಿಂದ 614ಕ್ಕೆ ಇಳಿಯುತ್ತದೆ. ಕಂಪನಿಯವರು 140 ಅಂತ ಬರೆದದ್ದು ಷೋಕಿಗಲ್ಲ.

ಷೋಕಿಯ ಮಾತು ಬಂತು. ಅಷ್ಟರಲ್ಲಿ ಯಜಮಾನರ ಅಕ್ಕನ ಮಗ ಬಂದ. ಕಾಲೇಜು ಹುಡುಗ. "ಮಾಮೂ, 150 ಹಾಕ್ಸಿ. ಹಿಂದಿನಿಂದ ನೋಡಿದ್ರೆ ಗತ್ತಾಗಿರುತ್ತೆ" ಅಂತ ಅವನ ಶಿಫಾರಸು. ಗತ್ತೇನೋ ಸರಿ. ಅಗಲವೂ ಹೆಚ್ಚು, ಎತ್ತರವೂ ಹೆಚ್ಚು. ಚೈನ್ ಕವರಿಗೋ ಮಡ್‌ಗಾರ್ಡಿಗೋ ಉಜ್ಜಿದರೆ ಆ ಗತ್ತು ನಡುರಸ್ತೆಯಲ್ಲಿ ಇಳಿಯುತ್ತದೆ. ಉಜ್ಜದಿದ್ದರೂ ಗಾಡಿ ತಿರುವಿನಲ್ಲಿ ಭಾರವಾಗಿ ಬಾಗುತ್ತದೆ.

ಮೂರನೆಯ ಸಲಹೆ ಅಲ್ಲೇ ಚಹಾ ಕುಡಿಯುತ್ತಿದ್ದವರೊಬ್ಬರದು. ಬೆಂಗಳೂರಲ್ಲಿ ಸೆಕೆಂಡ್ ಹ್ಯಾಂಡ್ ಟೈರು ಅರ್ಧ ಬೆಲೆಗೆ ಸಿಗುತ್ತವೆ, ಬಟನ್ ಚೆನ್ನಾಗಿರುತ್ತವೆ, ಬಸ್ಸಿಗೆಲ್ಲ ರೀಬಟನ್ ಮಾಡಿಸಿ ಹಾಕುವುದಿಲ್ಲವೇ ಅಂತ. ಬಸ್ಸಿನ ಮಾತು ಬೇರೆ ಸ್ವಾಮಿ. ಬಸ್ಸಿನ ಹಿಂದುಗಡೆ ಒಂದು ಕಡೆಗೆ ಎರಡೆರಡು ಟೈರು ಜೋಡಿಯಾಗಿ ಭಾರ ಹೊರುತ್ತವೆ. ಒಂದು ಕೈಕೊಟ್ಟರೆ ಇನ್ನೊಂದಿದೆ. ಬೈಕಿಗೆ ಇರುವುದೇ ಹಿಂದೊಂದು ಮುಂದೊಂದು. ಯಾರದೋ ಗಾಡಿಯಲ್ಲಿ ಎಲ್ಲಿ ಗುಂಡಿಗೆ ಬಿದ್ದು ಒಳಗಿನ ದಾರ ಹರಿದಿದೆಯೋ ಹೊರಗಿನಿಂದ ಕಾಣುವುದಿಲ್ಲ. ಅದಕ್ಕೆ ಭೂತಗನ್ನಡಿಯೂ ಸಾಲದು.

ನಂದಿ ಬೆಟ್ಟದ ಬುಡದಲ್ಲಿ

ಸವೆತದ ವಿಷಯದಲ್ಲೂ ಒಂದು ಮೋಸವಿದೆ. ಭಾನುವಾರ ಬೆಳಗಿನ ಜಾವ ನಂದಿ ಬೆಟ್ಟದ ಬುಡದಲ್ಲಿ ಹೋಗಿ ನಿಂತುಕೊಳ್ಳಿ. ಬೆಂಗಳೂರಿನಿಂದ ಸಾಲುಸಾಲು ದೊಡ್ಡ ಬೈಕು. ಟೈರುಗಳ ಹಿಂಭಾಗ ಗಮನಿಸಿ. ಹೆದ್ದಾರಿಯಲ್ಲಿ ನೆಟ್ಟಗೆ ಓಡಿ ಓಡಿ ನಡುಮಧ್ಯ ಚಪ್ಪಟೆ, ಎರಡು ಅಂಚು ಹೊಸದರಂತೆ! ನೇರ ರಸ್ತೆಯಲ್ಲಿ ಏನೂ ಗೊತ್ತಾಗುವುದಿಲ್ಲ. ಬೆಟ್ಟದ ತಿರುವಿನಲ್ಲಿ ಬಾಗಿಸಿದಾಗ ಚಪ್ಪಟೆಯ ಅಂಚು ದಾಟುವ ಗಳಿಗೆಯಲ್ಲಿ ಗಾಡಿ ತಟ್ಟನೆ ಬೀಳುತ್ತದೆಯೇನೋ ಅನ್ನಿಸುತ್ತದೆ. ಭಾರದ ಗಾಡಿಯಾದಷ್ಟೂ ಅದು ಹೆಚ್ಚು. ಅಂಚು ನೋಡಿ "ಬಟನ್ ಇದೆ" ಅನ್ನಬಾರದು. ನಡುಮಧ್ಯ ನೋಡಬೇಕು.

ಕಾನೂನೂ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 94ನೇ ನಿಯಮದ ಪ್ರಕಾರ ದ್ವಿಚಕ್ರ ವಾಹನದ ಟೈರಿನ ಗೀರಿನ ಆಳ 0.8 ಮಿಲಿಮೀಟರಿಗಿಂತ ಕಡಿಮೆ ಇರಕೂಡದು. ಅಳತೆಪಟ್ಟಿ ಬೇಡ. ಟೈರಿನ ಮಗ್ಗುಲಲ್ಲಿ ಟಿ.ಡಬ್ಲ್ಯು.ಐ. ಅಂತಲೋ ಸಣ್ಣ ತ್ರಿಕೋನವೋ ಇರುತ್ತದೆ. ಅದರ ನೇರಕ್ಕೆ ಗೀರಿನೊಳಗೆ ಒಂದು ಉಬ್ಬು. ಸುತ್ತಲಿನ ರಬ್ಬರು ಸವೆದು ಆ ಉಬ್ಬಿನ ಮಟ್ಟಕ್ಕೆ ಬಂತೋ, ಟೈರಿನ ಆಯುಷ್ಯ ಮುಗಿಯಿತು. ಮಳೆಗಾಲದ ಮುಂಚೆ ಆದರೆ ಅಲ್ಲಿಯವರೆಗೂ ಕಾಯಬಾರದು ಅನ್ನುವುದು ನನ್ನ ಅಭಿಪ್ರಾಯ. ಗೀರು ಇರುವುದೇ ನೀರನ್ನು ಹೊರಹಾಕಲು.

ಮೆತ್ತನೆಯ ರಬ್ಬರೋ ಗಟ್ಟಿಯದೋ ಅನ್ನುವುದು ಇನ್ನೊಂದು ಚರ್ಚೆ. ಮೆತ್ತನೆಯದು ಹಿಡಿಯುತ್ತದೆ, ಬೇಗ ಸವೆಯುತ್ತದೆ. ಗಟ್ಟಿಯದು ಬಾಳುತ್ತದೆ, ಮಳೆಯಲ್ಲಿ ಜಾರುತ್ತದೆ. ದಿನಾ ಹೆಣ್ಣುಮಗುವನ್ನು ಕೂರಿಸಿಕೊಂಡು ಓಡಾಡುವವರು ಎರಡರ ನಡುವಿನದನ್ನು ಕೊಳ್ಳಲಿ. ಕಂಪನಿ ಯಾವುದು ಅಂತ ಮಾತ್ರ ನನ್ನನ್ನು ಕೇಳಬೇಡಿ. ಐ.ಎಸ್.ಐ. ಗುರುತು ಇರಲಿ, ಅಳತೆ ಅದೇ ಇರಲಿ, ಭಾರದ ಅಂಕಿ ಮೊದಲಿನದಕ್ಕಿಂತ ಕಡಿಮೆ ಇರದಿರಲಿ, ತಾರೀಖು ಹೊಸದಿರಲಿ. ಮಿಕ್ಕದ್ದು ಅವರವರ ಜೇಬು. ಜೇಬಿಗೆ ಸ್ವಲ್ಪ ಸಮಾಧಾನವೂ ಇದೆ. 2025ರ ಸೆಪ್ಟೆಂಬರ್ 22ರಿಂದ ಹೊಸ ಟೈರಿನ ಮೇಲಿನ ಜಿ.ಎಸ್.ಟಿ. ನೂರಕ್ಕೆ 28ರಿಂದ 18ಕ್ಕೆ ಇಳಿದಿದೆ. ತೆರಿಗೆಗೆ ಮುಂಚೆ 3,000 ರೂಪಾಯಿ ಇರುವ ಟೈರಿನ ಮೇಲೆ 300 ಉಳಿಯಿತು. ಬಿಲ್ಲಿಲ್ಲದೆ ಉಳಿಸಿದ ಇನ್ನೂರಕ್ಕಿಂತ ಇದು ಹೆಚ್ಚಲ್ಲವೇ?

ಬಸ್ಸಿನಲ್ಲಿ ಬಂದ ಟೈರು

ಕೊನೆಗೆ ಹಿರಿಯರ ಮಾತೇ ನಡೆಯಿತು. ಬೆಂಗಳೂರಿನ ಜೆ.ಸಿ. ರಸ್ತೆಯ ಕಡೆ ಅವರಿಗೆ ಗೊತ್ತಿದ್ದವರಿಗೆ ಫೋನು ಮಾಡಿಸಿ 140/70-17, 66ಪಿ, ಟ್ಯೂಬ್‌ಲೆಸ್ ಅಂತ ಬರೆಸಿದರು. ದುಡ್ಡು ಹಾಕುವ ಮುಂಚೆ ಒಂದು ಷರತ್ತು: ನಾಲ್ಕಂಕಿಯ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಬೇಕು. ಮೊದಲು ಬಂದ ಫೋಟೋದ ಟೈರು ಮೂರು ವರ್ಷ ಹಳೆಯದು. ಬೇಡ ಅಂದರು. ಎರಡನೇ ಫೋಟೋದಲ್ಲಿ ಮೂರು ತಿಂಗಳ ಹಿಂದಿನ ತಾರೀಖು. ಸರಿ ಅಂದರು. ಕೇಳಿದರೆ ಕೊಡುತ್ತಾರೆ ಸ್ವಾಮಿ, ಕೇಳಬೇಕಷ್ಟೆ.

ಅಲ್ಲಿಯವರೆಗೆ ಎರಡು ದಿನ ಗಾಡಿ ಹೊರಗೆ ತೆಗೆಯಲಿಲ್ಲ. ಮಗಳು ಬಸ್ಸಿನಲ್ಲಿ ಹೋದಳು, ಮೊದಲನೇ ಪೀರಿಯಡ್ಡು ಎರಡು ದಿನವೂ ತಪ್ಪಿತಂತೆ. ಮೂರನೇ ದಿನ ಟೈರೂ ಬಸ್ಸಿನ ಪಾರ್ಸಲ್ಲಿನಲ್ಲೇ ಬಂತು.

ಹಾಕುವಾಗ ನಾನೂ ಇದ್ದೆ. ಮಗ್ಗುಲಲ್ಲಿದ್ದ ಬಾಣದ ಗುರುತು ಚಕ್ರ ಉರುಳುವ ಕಡೆಗೇ ಇದೆಯಾ ಅಂತ ಹಿರಿಯರು ಎರಡು ಸಲ ನೋಡಿದರು. ಹಳೇ ವಾಲ್ವು ಕಿತ್ತು ಹೊಸದು ಹಾಕಿದರು. ಅದು ಸಣ್ಣ ಖರ್ಚು, ಆದರೆ ಟ್ಯೂಬಿಲ್ಲದ ಟೈರಿಗೆ ಗಾಳಿ ನಿಲ್ಲುವುದೇ ಅಲ್ಲಿ. ಚೈನಿನ ಎಳೆತ ಸರಿ ಮಾಡಿ, ಗಾಡಿಯ ಪುಸ್ತಕದಲ್ಲಿ ಇಬ್ಬರು ಕೂರುವಾಗ ಎಷ್ಟು ಗಾಳಿ ಅಂತ ಬರೆದಿದೆಯೋ ಅಷ್ಟೇ ಹೊಡೆದರು. "ಮೊದಲ ನೂರು ನೂರೈವತ್ತು ಕಿಲೋಮೀಟರ್ ಮೆಲ್ಲಗೆ ಭಾಯ್. ಹೊಸ ರಬ್ಬರಿನ ಮೇಲೆ ನುಣುಪು ಇರುತ್ತೆ, ಅದು ಹೋಗೋ ತನಕ ಗಾಡಿ ಬಾಗಿಸಬೇಡಿ, ಮಗಳನ್ನ ಕೂರಿಸಬೇಡಿ" ಅಂತ ಎಚ್ಚರಿಕೆಯನ್ನೂ ಕೊಟ್ಟರು.

ಹಳೇ ಟೈರು ಅಂಗಡಿಯ ಮೂಲೆಯಲ್ಲಿ ಬಿದ್ದಿತ್ತು. ಅಕ್ಕನ ಮಗ ಅದನ್ನು ಯಾರಿಗಾದರೂ ಐನೂರಕ್ಕೆ ಕೊಡಬಹುದಲ್ಲ ಅಂದ. ಹಿರಿಯರು ಮಾತಾಡದೆ ಚಾಕು ತೆಗೆದುಕೊಂಡು ಅದರ ಮಗ್ಗುಲನ್ನು ಉದ್ದಕ್ಕೆ ಸೀಳಿಬಿಟ್ಟರು.

ಯಜಮಾನರು ದುಡ್ಡು ಎಣಿಸಿ ಕೊಟ್ಟರು, ಬಿಲ್ಲು ಮಡಿಚಿ ಜೇಬಿಗಿಟ್ಟರು. ಆಮೇಲೆ ಇನ್ನೊಂದು ಜೇಬಿನಿಂದ ಹರಳು ನೋಡುವ ಭೂತಗನ್ನಡಿ ತೆಗೆದು, ಪಂಚೆ ಮೇಲೆತ್ತಿ, ಮುಂದಿನ ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತರು. ಬಟ್ಟೆಯಲ್ಲಿ ಮಣ್ಣು ಒರೆಸಿ ಬಹಳ ಹೊತ್ತು ನೋಡಿದರು.

"ಎಷ್ಟಿದೆ ಭಾಯ್?" ಅಂತ ಕೇಳಿದೆ.

"4820" ಅಂದರು. ಗಾಡಿಯ ಜೊತೆಗೇ ಬಂದ ಟೈರು. ಎದ್ದು ಮಂಡಿ ಒರೆಸಿಕೊಂಡು, "ಈ ತಿಂಗಳು ಆಗಲ್ಲ ಸಾರ್. ಬರೋ ತಿಂಗಳು ಇದನ್ನೂ ಬರೆಸಿಬಿಡಬೇಕು" ಅಂತ ಗಾಡಿಯನ್ನು ತಳ್ಳಿಕೊಂಡೇ ಮನೆ ಕಡೆ ಹೊರಟರು.